ಮನೆ ಎಳೆಯುವ ಲಾರಿ

ಅಮೆರಿಕ ದೇಶದಲ್ಲಿ ಗಾಲಿಯ ಮೇಲೆ ಮನೆ ಕಟ್ಟುತ್ತಾರೆ. ಆಶ್ಚರ್ಯ ಅಲ್ವಾ ಅಕ್ಕಂದಿರೇ? ಅದರಲ್ಲಿ ಅಡಿಗೆ ಮನೆ ಇರುತ್ತದೆ. ಗ್ಯಾಸ್ ಒಲೆ ಇರುತ್ತದೆ. ಮಲಗಲು ಮಂಚ, ಬಚ್ಚಲು, ಕಕ್ಕಸು, ನೀರಿನ ಟ್ಯಾಂಕು ಎಲ್ಲಾ ಒಳಗೇ. ಆದರೆ ಈ ಮನೆಗೆ ಎಂಜಿನ್ ಇಲ್ಲ. ಮುಂದೆ ಒಂದು ಗಾಡಿ ಕಟ್ಟಿ ಎಳೆಯಬೇಕು. ನಮ್ಮ ಟ್ರ್ಯಾಕ್ಟರ್ ಹಿಂದೆ ಟ್ರೈಲರ್ ಇರುತ್ತದಲ್ಲ, ಹಾಗೆ.

ಕೆಲಸದಿಂದ ನಿವೃತ್ತರಾದ ಗಂಡ ಹೆಂಡತಿ ಇದರಲ್ಲೇ ವರ್ಷಗಟ್ಟಲೆ ಇರೋದೂ ಉಂಟು. ಚಳಿಗಾಲ ಬಂದರೆ ಬಿಸಿಲಿನ ಊರಿಗೆ ಹೋಗುತ್ತಾರೆ. ಬೇಸಿಗೆ ಬಂದರೆ ತಂಪಿನ ಊರಿಗೆ. ನಮ್ಮ ಕಡೆ ಕುರಿಯವರು ಕುರಿ ಹೊಡಕೊಂಡು ಊರೂರು ತಿರುಗುತ್ತಾರಲ್ಲ. ಇವರು ಮನೆಯನ್ನೇ ಹೊಡಕೊಂಡು ಹೋಗುತ್ತಾರೆ!

ಇಂಥ ದೊಡ್ಡ ಮನೆ 40 ಅಡಿ ಉದ್ದ ಇರುತ್ತದೆ. ಸಾಮಾನು, ನೀರು ತುಂಬಿದರೆ 7-8 ಟನ್ ತೂಗುತ್ತದೆ. 8 ಟನ್ ಅಂದರೆ ಎಷ್ಟು? ಕ್ವಿಂಟಲ್ ತೂಕದ ಚೀಲ 80 ಪೇರಿಸಿದ ಹಾಗೆ. ನೀರಿನ ಟ್ಯಾಂಕಿನಲ್ಲೇ 300 ಲೀಟರ್ ಹಿಡಿದರೆ 300 ಕಿಲೋ ಆಯಿತು. ಒಂದು ಕೊಡ ನೀರಿನ ಭಾರ ಎಷ್ಟು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟು ಭಾರವನ್ನು ಯಾವ ಗಾಡಿ ಎಳೆಯಬೇಕು? ಅಲ್ಲಿ ಬಹಳ ಜನ ಪಿಕಪ್ ಗಾಡಿ ಕಟ್ಟುತ್ತಾರೆ. ದೊಡ್ಡ ಪಿಕಪ್ ಸುಮಾರು ನಾಲ್ಕು ಟನ್ ತೂಗುತ್ತದೆ. ಅದರ ಎಂಜಿನ್‌ಗೆ ಬಲ ಇದೆ. ಏರಿನಲ್ಲಿ ಎಳೆದುಬಿಡುತ್ತದೆ. ಹಾಗಿದ್ದರೂ ಕೆಲವರು ಅದು ಬೇಡ ಅನ್ನುತ್ತಾರೆ. ಅವರು ಮಧ್ಯಮ ಲಾರಿ ಕಟ್ಟುತ್ತಾರೆ. ಇಲ್ಲವೇ ಸರಕು ಕಂಪನಿಗಳು ಓಡಿಸಿ ಮಾರಿದ ಭಾರಿ ಲಾರಿಯನ್ನು ಕೊಳ್ಳುತ್ತಾರೆ. ಆ ಲಾರಿ ಒಂದೇ ಏಳೆಂಟು ಟನ್ ತೂಗುತ್ತದೆ. ತನ್ನ ತೂಕವೂ ಸೇರಿ ಸುಮಾರು 36 ಟನ್ ಸಾಗಿಸಲು ಅದನ್ನು ಮಾಡಿರುತ್ತಾರೆ. ಎಂಟು ಟನ್ನಿನ ಮನೆ ಅದಕ್ಕೆ ಏನೂ ಅಲ್ಲ.

ಇಷ್ಟು ದೊಡ್ಡ ಲಾರಿ ಯಾಕೆ? ದುಡ್ಡಿನ ಜಂಬವೇ? ಕೆಲವರಿಗೆ ಅದೂ ಇರಬಹುದು. ಆದರೆ ನಿಜವಾದ ಕಾರಣ ಬೇರೆ. ಎಳೆಯೋದು ಸುಲಭ. ನಿಲ್ಲಿಸೋದು ಕಷ್ಟ. ಹಿಂದಿನದು ಮುಂದಿನದಕ್ಕಿಂತ ಎರಡು ಪಟ್ಟು ಭಾರ ಇದ್ದರೆ, ಹಿಂದಿನದು ಹೇಳಿದ ಹಾಗೆ ಮುಂದಿನದು ಕೇಳಬೇಕಾಗುತ್ತದೆ. ಮನೆ ಗೋಡೆಯ ಹಾಗೆ ಎತ್ತರ ಇರುತ್ತದೆ. ಪಕ್ಕದಿಂದ ಗಾಳಿ ಬೀಸಿದರೆ ಓಲಾಡುತ್ತದೆ. ಓಲಾಟ ಹೆಚ್ಚಾದರೆ ಎಳೆಯುವ ಗಾಡಿಯನ್ನೂ ಎಳೆದು ಮಗುಚುತ್ತದೆ.

ಓಲಾಟಕ್ಕೆ ಇನ್ನೊಂದು ಕಾರಣ ಉಂಟು. ಎತ್ತಿನ ಗಾಡಿ ಕಟ್ಟಿದವರಿಗೆ ಇದು ಬೇಗ ಗೊತ್ತಾಗುತ್ತದೆ. ಗಾಡಿಯ ಹಿಂದುಗಡೆ ಜಾಸ್ತಿ ಹೇರಿದರೆ ಏನಾಗುತ್ತದೆ? ನೊಗ ಮೇಲಕ್ಕೆ ಏಳುತ್ತದೆ. ಮುಂದುಗಡೆ ಜಾಸ್ತಿ ಹೇರಿದರೆ ಎತ್ತಿನ ಹೆಗಲು ಕುಸಿಯುತ್ತದೆ. ಹದವಾಗಿ ಹೇರಬೇಕು. ಗಾಲಿಯ ಮನೆಗೂ ಇದೇ ಲೆಕ್ಕ. ಬಾಲದ ಕಡೆ ಭಾರ ಹೆಚ್ಚಾದರೆ ಅದು ದಾರಿಯಲ್ಲಿ ಅತ್ತಿತ್ತ ಹೊಯ್ದಾಡುತ್ತದೆ. ಅದಕ್ಕೇ ಸಾಮಾನ್ಯ ಮನೆಯಲ್ಲಿ 100 ಕಿಲೋಗೆ 10ರಿಂದ 15 ಕಿಲೋ ಕೊಂಡಿಯ ಮೇಲೆ ಕೂರಬೇಕು ಅನ್ನುತ್ತಾರೆ. ಬಹಳ ದೊಡ್ಡ ಮನೆಯ ಕೊಂಡಿ ಲಾರಿಯ ಹಿಂಬದಿಗೆ ಇರೋದಿಲ್ಲ. ಲಾರಿಯ ಹಿಂದಿನ ಗಾಲಿಗಳ ನೆತ್ತಿಯ ಮೇಲೆ ಇರುತ್ತದೆ. ಆಗ ಭಾರ ನೇರ ಗಾಲಿಗೆ ಇಳಿಯುತ್ತದೆ. ಓಲಾಟ ಕಡಿಮೆ.

ಈಗ ಘಾಟಿಗೆ ಬರೋಣ. ಎಲ್ಲಕ್ಕಿಂತ ಮುಖ್ಯ ಇದೇ.

ಎರಡು ಅಂಗೈ ಉಜ್ಜಿ ನೋಡಿ. ಬಿಸಿಯಾಗುತ್ತದೆ. ಬ್ರೇಕ್ ಕೆಲಸ ಮಾಡೋದೂ ಹಾಗೇ. ಗಾಲಿಯ ಜೊತೆ ತಿರುಗುವ ಕಬ್ಬಿಣವನ್ನು ಬ್ರೇಕ್ ಒತ್ತಿ ಉಜ್ಜುತ್ತದೆ. ಉದ್ದ ಇಳಿಜಾರಿನಲ್ಲಿ ಒಂದೇ ಸಮ ಬ್ರೇಕ್ ಒತ್ತುತ್ತಾ ಇದ್ದರೆ ಅದು ಕಾದು ಹೊಗೆ ಬರುತ್ತದೆ. ಕಾದ ಬ್ರೇಕ್ ಹಿಡಿಯೋದಿಲ್ಲ. ಡ್ರೈವರ್ ಕಾಲು ಪೂರ್ತಿ ಒತ್ತಿದರೂ ಗಾಡಿ ನಿಲ್ಲೋದಿಲ್ಲ.

1931ರಲ್ಲಿ ಹೀಗೇ ಆಯಿತು. ಕ್ಲೆಸ್ಸಿ ಕಮಿನ್ಸ್ ಎಂಬ ಎಂಜಿನ್ ತಯಾರಕರು ಲಾರಿಯಲ್ಲಿ ಅಮೆರಿಕದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೊರಟಿದ್ದರು. ಜನರೇಟರ್‌ಗಳ ಮೇಲೆ ಕಮಿನ್ಸ್ ಎಂಬ ಹೆಸರನ್ನು ನೀವೂ ನೋಡಿರಬಹುದು. ಅವರೇ ಇವರು. ಕ್ಯಾಲಿಫೋರ್ನಿಯಾದ ಕಹೋನ್ ಘಾಟಿ ಇಳಿಯುವಾಗ ಬ್ರೇಕ್ ಕೈ ಕೊಟ್ಟಿತು. ಕೆಳಗೆ ರೈಲು ಹಳಿ. ಹಳಿಯ ಮೇಲೆ ಗೂಡ್ಸ್ ರೈಲು. ಕೂದಲೆಳೆಯಷ್ಟರಲ್ಲಿ ಪಾರಾದರು. ಅಂದಿನ ಹೆದರಿಕೆಯನ್ನು ಅವರು ಮರೆಯಲಿಲ್ಲ. ಎಂಜಿನ್‌ನಿಂದಲೇ ಗಾಡಿ ತಡೆಯುವ ಒಂದು ಉಪಾಯ ಕಂಡುಹಿಡಿದರು. 1961ರಲ್ಲಿ ಜೇಕಬ್ಸ್ ಎಂಬ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. ಡ್ರೈವರುಗಳು ಅದಕ್ಕೆ ಜೇಕ್ ಬ್ರೇಕ್ ಅನ್ನುತ್ತಾರೆ.

ಆ ಉಪಾಯ ಏನು? ಸೈಕಲ್ ಪಂಪಿನ ಬಾಯಿಗೆ ಬೆರಳು ಹಿಡಿದು ಒತ್ತಿ. ಕೈ ಸೋಲುತ್ತದೆ. ಒಳಗಿನ ಗಾಳಿ ತಡೆಯುತ್ತದೆ. ಎಂಜಿನ್ ಒಳಗೂ ಪಂಪಿನಂತೆ ಗಾಳಿ ಒತ್ತುವ ಭಾಗ ಇದೆ. ಇಳಿಜಾರಿನಲ್ಲಿ ಗಾಲಿಗಳ ಬಲವೆಲ್ಲ ಆ ಗಾಳಿ ಒತ್ತೋದರಲ್ಲಿ ಖರ್ಚಾಗುತ್ತದೆ. ಪಂಪು ಬಿಟ್ಟರೆ ಹಿಡಿ ಹಿಂದಕ್ಕೆ ಚಿಮ್ಮುತ್ತದಲ್ಲ, ಹಾಗೆ ಒತ್ತಿದ ಗಾಳಿ ತಿರುಗಿ ತಳ್ಳಬಾರದು. ಅದಕ್ಕೇ ಅದನ್ನು ಹೊರಗೆ ಬಿಟ್ಟುಬಿಡುತ್ತಾರೆ. ಗಾಡಿ ನಿಧಾನವಾಗುತ್ತದೆ. ಗಾಲಿಯ ಬ್ರೇಕ್ ತಣ್ಣಗೆ ಇರುತ್ತದೆ. ಬೇಕಾದಾಗ ಹಿಡಿಯುತ್ತದೆ. ಭಾರಿ ಲಾರಿಗಳಲ್ಲಿ ಇಂಥ ಎಂಜಿನ್ ಬ್ರೇಕ್ ಇರುತ್ತದೆ. ಮನೆ ಎಳೆಯುವವರು ಭಾರಿ ಲಾರಿ ಹುಡುಕುವುದು ಬಹುಪಾಲು ಇದಕ್ಕೇ.

ಮನೆಗೂ ಅದರದೇ ಬ್ರೇಕ್ ಇರುತ್ತದೆ. ಕೊಂಡಿಯ ಹತ್ತಿರ ಒಂದು ತಂತಿ ಇರುತ್ತದೆ. ಕೊಂಡಿ ಕಳಚಿದರೆ ಆ ತಂತಿ ಎಳೆದು ಮನೆಯ ಬ್ರೇಕ್ ತಾನಾಗಿ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವ ಗಾಡಿ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ದಾಟಿ ಓಡುವಂತಿಲ್ಲ. ವೇಗ ಎರಡು ಪಟ್ಟಾದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ಉರುಳುವ ದೂರ ನಾಲ್ಕು ಪಟ್ಟಾಗುತ್ತದೆ.

ಎಲ್ಲರಿಗೂ ಭಾರಿ ಲಾರಿ ಬೇಕು ಅಂತ ನಾವು ಹೇಳೋದಿಲ್ಲ. ಚಿಕ್ಕ ಮನೆಗೆ ಚಿಕ್ಕ ಗಾಡಿ ಸಾಕು. ಭಾರಿ ಲಾರಿ ಎಣ್ಣೆ ಕುಡಿಯುತ್ತದೆ. ತಿರುಗಿಸಲು, ನಿಲ್ಲಿಸಲು ಜಾಗ ಬಹಳ ಬೇಕು.

ಅಮೆರಿಕದ ಮನೆ ನಮಗ್ಯಾಕೆ ಅನ್ನುತ್ತೀರಾ? ಮಂಡ್ಯದಲ್ಲಿ, ಬೆಳಗಾವಿಯಲ್ಲಿ ಕಬ್ಬಿನ ಕಾಲ ಬಂದರೆ ರಸ್ತೆ ತುಂಬ ಟ್ರ್ಯಾಕ್ಟರ್. ಟ್ರ್ಯಾಕ್ಟರ್ ತೂಕ ಸುಮಾರು 2 ಟನ್. ಹಿಂದೆ ಕಬ್ಬು ತುಂಬಿದ ಟ್ರೈಲರ್ ಅದರ ಎಷ್ಟೋ ಪಟ್ಟು. ಸಾಮಾನ್ಯವಾಗಿ ಟ್ರ್ಯಾಕ್ಟರ್ ಬ್ರೇಕ್ ಹಿಂದಿನ ಎರಡು ಗಾಲಿಗೆ ಮಾತ್ರ. ಬಹಳಷ್ಟು ಟ್ರೈಲರ್‌ಗಳಿಗೆ ಬ್ರೇಕೇ ಇರೋದಿಲ್ಲ. ಅಂಥ ಟ್ರೈಲರ್ ಹತ್ತಿ ನಾವು ಕೂಲಿಗೆ, ಜಾತ್ರೆಗೆ, ಮದುವೆಗೆ ಹೋಗುತ್ತೇವೆ. ಮಡಿಲಲ್ಲಿ ಮಗು ಬೇರೆ. ಕೆಲವು ಡ್ರೈವರುಗಳು ಡೀಸೆಲ್ ಉಳಿಸೋಕೆ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುತ್ತಾರೆ. ಆಗ ಎಂಜಿನ್ ಗಾಡಿಯನ್ನು ತಡೆಯೋದಿಲ್ಲ. ಭಾರವೇ ನಮ್ಮನ್ನು ತಳ್ಳಿಕೊಂಡು ಹೋಗುತ್ತದೆ.

ಇನ್ನೊಂದು ಮಾತು. ಸರಕು ಗಾಡಿಯಲ್ಲಿ ಪುಕ್ಕಟೆ ಹತ್ತಿದವರಿಗೆ ಪರಿಹಾರ ಕೊಡುವ ಹೊಣೆ ವಿಮೆ ಕಂಪನಿಯದಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಅಪಘಾತವಾದರೆ ಗಾಡಿ ಮಾಲೀಕನನ್ನೇ ಕೇಳಬೇಕು. ಅವನ ಹತ್ತಿರ ಇಲ್ಲದಿದ್ದರೆ?

ಹಾಗಾಗಿ ಬಸ್ಸು, ಟೆಂಪೋ ಕೊಡಿ ಎಂದು ಮೇಸ್ತ್ರಿಯನ್ನು ಸಂಘದ ಹೆಂಗಸರೆಲ್ಲ ಸೇರಿ ಕೇಳಬಹುದು. ಒಬ್ಬರೇ ಕೇಳಿದರೆ ನಾಳೆ ಕೆಲಸಕ್ಕೆ ಬರಬೇಡ ಅಂದಾನು. ಹತ್ತು ಜನರಿಗೆ ಹಾಗೆ ಹೇಳೋದು ಕಷ್ಟ.

ಈಗ ಅಂಕಿ ಓದಲು ನಮಗೆ ಬರುತ್ತದೆ. ಲಾರಿ, ಟ್ರೈಲರ್‌ಗಳ ಪಕ್ಕದಲ್ಲಿ ಖಾಲಿ ತೂಕ, ತುಂಬಿದ ತೂಕ ಬರೆದಿರುತ್ತಾರೆ. ರಸ್ತೆ ಬದಿ ನಿಂತ ಗಾಡಿಯ ಮೇಲೆ ಆ ಎರಡು ಅಂಕಿ ಓದಿ. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉಳಿದದ್ದು ಆ ಗಾಡಿಗೆ ಹೇರಬಹುದಾದ ಭಾರ.