ಉಷ್ಣದ ಗುಳ್ಳೆ ಅಂದುಕೊಂಡಿದ್ದು ಹರ್ಪಿಸ್ ಇರಬಹುದು



ರೇಡಿಯೋದಲ್ಲಿ ಹೇಳಲಾಗದ ಕೆಲವು ಮಾತುಗಳಿಗೆ ಈ ಪುಟ ಇದೆ. ನಮ್ಮ ಕನ್ನಡ ಕಾರ್ಯಕ್ರಮ ಬರುವ ಹೊತ್ತಿಗೆ ನಿಮ್ಮ ಮನೆಯಲ್ಲಿ ಅತ್ತೆಯವರು ತರಕಾರಿ ಹೆಚ್ಚುತ್ತಿರುತ್ತಾರೆ, ಮಕ್ಕಳು ಅಲ್ಲೇ ಹೋಂವರ್ಕ್ ಮಾಡುತ್ತಾ ಕೂತಿರುತ್ತಾರೆ. ಆಗ ನಾನು "ಗಂಡಸರ ಗುಪ್ತಾಂಗದ ಗುಳ್ಳೆ" ಅಂತ ಶುರು ಮಾಡಿದರೆ ನೀವು ಓಡಿ ಬಂದು ಸ್ಟೇಷನ್ ಬದಲಾಯಿಸುತ್ತೀರಿ. ಅದು ತಪ್ಪೂ ಅಲ್ಲ. ಆದರೆ ಈ ವಿಷಯ ಕೇಳಿಕೊಂಡು ಹೆಸರಿಲ್ಲದ ಪತ್ರ, ಮೆಸೇಜುಗಳು ಬರುವುದು ನಿಂತಿಲ್ಲ. ಬಹುಪಾಲು ಊರು ಬಿಟ್ಟು ಬಂದು ಪಿಜಿಯಲ್ಲೋ ಬಾಡಿಗೆ ರೂಮಿನಲ್ಲೋ ಇರುವ ಗಂಡಸರದ್ದು.

ಅದರಲ್ಲಿ ಒಂದು ಪುಣೆಯಿಂದ ಬಂದದ್ದು. ಬರೆದವರಿಗೆ ಮದುವೆ ಗೊತ್ತಾಗಿದೆ. ಒಂದೇ ಜಾಗದಲ್ಲಿ ಮೂರು ಸಲ ಗುಳ್ಳೆ ಎದ್ದು ಒಣಗಿದೆ. ಮೊದಲ ಸಲ "ಉಷ್ಣ ಆಗಿದೆ" ಅಂದುಕೊಂಡು ಎಳನೀರು ಕುಡಿದರಂತೆ. ಎರಡನೇ ಸಲ ಮೆಡಿಕಲ್ ಶಾಪಿನವರು ಒಂದು ಟ್ಯೂಬು ಕೊಟ್ಟರಂತೆ. ಮೂರನೇ ಸಲ ಡಾಕ್ಟರು ನೋಡಿ ಹರ್ಪಿಸ್ ಅಂದಿದ್ದಾರೆ. ಅವರು ಕೇಳಿದ್ದು ಎರಡೇ ಪ್ರಶ್ನೆ. ಇದು ವಾಸಿಯಾಗುತ್ತಾ? ಹುಡುಗಿಗೆ ಹೇಳಬೇಕಾ?

ಉತ್ತರಕ್ಕೆ ಮೊದಲು ಹೆಸರಿನ ಗೊಂದಲವೊಂದನ್ನು ಬಿಡಿಸಿಕೊಳ್ಳೋಣ. ಡಾಕ್ಟರ ಚೀಟಿಯಲ್ಲಿ ಹರ್ಪಿಸ್ ಅಂತ ಕಂಡರೆ ನಮ್ಮ ಕಡೆಯವರು "ಅಯ್ಯೋ ಸರ್ಪಸುತ್ತು" ಅನ್ನುತ್ತಾರೆ. ಸರ್ಪಸುತ್ತು ಬೇರೆ. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ತಂದ ವೈರಸ್ಸೇ ವರ್ಷಗಳ ಮೇಲೆ ಎದ್ದು ಸೊಂಟಕ್ಕೋ ಎದೆಗೋ ಒಂದೇ ಬದಿಯಲ್ಲಿ ಪಟ್ಟಿಯ ಹಾಗೆ ಬರುವ ಕಾಯಿಲೆ ಅದು. ವೈದ್ಯರು ಅದನ್ನು ಹರ್ಪಿಸ್ ಝೋಸ್ಟರ್ ಅನ್ನುತ್ತಾರೆ. ನಾವು ಈಗ ಮಾತಾಡುತ್ತಿರುವುದು ಹರ್ಪಿಸ್ ಸಿಂಪ್ಲೆಕ್ಸ್. ಎರಡೂ ಒಂದೇ ಕುಟುಂಬದ ವೈರಸ್‌ಗಳು, ಅಣ್ಣತಮ್ಮಂದಿರ ಹಾಗೆ, ಆದರೆ ಮನೆ ಬೇರೆ, ಹರಡುವ ರೀತಿ ಬೇರೆ. ಬಿಎಯಲ್ಲಿ ಕನ್ನಡ ಓದಿದ ಚಪಲಕ್ಕೆ ಒಂದು ಮಾತು ಹೇಳಿಬಿಡುತ್ತೇನೆ: ಹರ್ಪಿಸ್ ಅನ್ನುವುದು ತೆವಳು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದ ಪದ. ಸಂಸ್ಕೃತದ ಸರ್ಪವೂ ತೆವಳುವುದರಿಂದಲೇ ಸರ್ಪ. ಭಾಷಾಶಾಸ್ತ್ರದವರ ಪ್ರಕಾರ ಎರಡಕ್ಕೂ ಮೂಲ ಒಂದೇ. ಪದಗಳು ದಾಯಾದಿಗಳು, ಕಾಯಿಲೆಗಳು ಮಾತ್ರ ಬೇರೆ ಬೇರೆ.

ಹರ್ಪಿಸ್ ಸಿಂಪ್ಲೆಕ್ಸ್‌ನಲ್ಲಿ ಎರಡು ಬಗೆ. ಒಂದನೇ ಬಗೆಯದು ಹೆಚ್ಚಾಗಿ ಬಾಯಿಯದು. ಜ್ವರ ಬಿಟ್ಟ ಮೇಲೆ ತುಟಿಯ ಅಂಚಿನಲ್ಲಿ ಏಳುವ ಗುಳ್ಳೆ ನೋಡಿದ್ದೀರಲ್ಲ, ಅದು. ಎರಡನೆಯದು ಹೆಚ್ಚಾಗಿ ಜನನಾಂಗದ್ದು. ಹೆಚ್ಚಾಗಿ ಅಂದೆ, ಯಾವಾಗಲೂ ಅಲ್ಲ. ಬಾಯಿಯ ಮೂಲಕ ನಡೆಯುವ ಲೈಂಗಿಕ ಸಂಪರ್ಕದಿಂದ ತುಟಿಯ ವೈರಸ್ಸು ಕೆಳಗೂ ಬರುತ್ತದೆ. 2024ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಅಂದಾಜಿನಂತೆ, ಜಗತ್ತಿನಲ್ಲಿ 15ರಿಂದ 49 ವಯಸ್ಸಿನ ಸುಮಾರು 84.6 ಕೋಟಿ ಜನರಿಗೆ ಜನನಾಂಗದ ಹರ್ಪಿಸ್ ಸೋಂಕಿದೆ. ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು. ಅವರಲ್ಲಿ ಬಹಳ ಮಂದಿಗೆ ತಮಗೆ ಸೋಂಕು ಇರುವುದೇ ಗೊತ್ತಿಲ್ಲ. ಆದ್ದರಿಂದ "ನನಗೊಬ್ಬನಿಗೇ ಯಾಕೆ ಹೀಗಾಯಿತು" ಅಂತ ರಾತ್ರಿ ನಿದ್ದೆಗೆಟ್ಟು ಕೂತವರು ಆ ಲೆಕ್ಕ ಒಮ್ಮೆ ನೆನಪಿಸಿಕೊಳ್ಳಿ.

ಗುರುತಿಸುವುದು ಹೇಗೆ? ಸೋಂಕು ತಗುಲಿದ 2ರಿಂದ 12 ದಿನಗಳಲ್ಲಿ, ಸಾಮಾನ್ಯವಾಗಿ ನಾಲ್ಕನೇ ದಿನದ ಸುಮಾರಿಗೆ, ಮೊದಲ ಲಕ್ಷಣ ಕಾಣಬಹುದು. ಮೊದಲು ಆ ಜಾಗದಲ್ಲಿ ಜುಮುಜುಮು, ನವೆ, ಉರಿ. ಆಮೇಲೆ ಕೆಂಪಾದ ಚರ್ಮದ ಮೇಲೆ ಸಾಸಿವೆ ಕಾಳಿನಂಥ ಸಣ್ಣ ನೀರುಗುಳ್ಳೆಗಳು, ಒಂಟಿಯಾಗಿ ಅಲ್ಲ, ಗುಂಪಾಗಿ. ಶಿಶ್ನದ ತುದಿ, ಮುಂದೊಗಲು, ದಂಡದ ಚರ್ಮ, ವೃಷಣ ಚೀಲ, ತೊಡೆಸಂದು, ಪೃಷ್ಠ, ಗುದದ್ವಾರದ ಸುತ್ತ, ಎಲ್ಲಿ ಬೇಕಾದರೂ ಬರಬಹುದು. ಗಂಡಸರ ಜೊತೆ ಸಂಪರ್ಕ ಇರುವ ಗಂಡಸರು ಗುದದ ಹತ್ತಿರದ ನೋವನ್ನು ಮೂಲವ್ಯಾಧಿ ಅಂತ ಮುಚ್ಚಿಡಬೇಡಿ, ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಗುಳ್ಳೆ ಒಂದೆರಡು ದಿನದಲ್ಲಿ ಒಡೆದು ಹಸಿ ಹುಣ್ಣಾಗುತ್ತದೆ. ನೋವು ಚೆನ್ನಾಗಿಯೇ ಇರುತ್ತದೆ. ಮೂತ್ರ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ಮೊದಲ ಸಲ ಇದರ ಜೊತೆಗೆ ಜ್ವರ, ಮೈಕೈ ನೋವು, ತೊಡೆಸಂದಿನಲ್ಲಿ ಗಡ್ಡೆ ಕಟ್ಟುವುದೂ ಉಂಟು. ಔಷಧಿ ಇಲ್ಲದಿದ್ದರೆ ಪೂರ್ತಿ ಮಾಯಲು 2ರಿಂದ 4 ವಾರ ಬೇಕು.

ಎಲ್ಲರಿಗೂ ಹೀಗೆ ಪುಸ್ತಕದಲ್ಲಿದ್ದಂತೆ ಬರುವುದಿಲ್ಲ. ಕೆಲವರಿಗೆ ಒಂದು ಸಣ್ಣ ಬಿರುಕು, ಚಡ್ಡಿ ಉಜ್ಜಿದ ಗಾಯದಂಥದ್ದು, ಸೊಳ್ಳೆ ಕಚ್ಚಿದಂಥದ್ದು, ಅಷ್ಟೇ. ಮೋಸ ಹೋಗುವುದು ಇಲ್ಲೇ. ಮುಂಬೈ, ಚೆನ್ನೈನ ಸೆಕೆಗೆ ಬೆವರುಸಾಲೆ ಅಂದುಕೊಂಡು ಪೌಡರ್ ಹಾಕಿ ಸುಮ್ಮನಾಗುತ್ತೇವೆ.

ಒಣಗಿದ ಮೇಲೆ ಕಾಯಿಲೆ ಹೋಯಿತು ಅನ್ನುವಂತಿಲ್ಲ. ವೈರಸ್ಸು ನರದ ಗುಂಟ ಮೇಲೇರಿ ಬೆನ್ನುಮೂಳೆಯ ಬುಡದ ಹತ್ತಿರದ ನರಗಂಟಿನಲ್ಲಿ ಹೋಗಿ ಕೂರುತ್ತದೆ. ಮುಂಬೈನ ಹಳೇ ಪಗಡಿ ಬಾಡಿಗೆದಾರರ ಹಾಗೆ, ಒಮ್ಮೆ ಒಳಗೆ ಹೋದರೆ ಬಿಡಿಸುವುದಕ್ಕಾಗುವುದಿಲ್ಲ. ಆಗಾಗ ಅದೇ ನರದ ದಾರಿಯಲ್ಲಿ ಇಳಿದು ಬಂದು ಹೆಚ್ಚುಕಡಿಮೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಏಳುವ ಮೊದಲು ಕೆಲವರಿಗೆ ಸೊಂಟ, ಪೃಷ್ಠ, ಕಾಲಿನಲ್ಲಿ ಸೆಳೆತ ಬಂದು ಸೂಚನೆ ಸಿಗುತ್ತದೆ. ಮರುಕಳಿಸಿದ್ದು ಮೊದಲ ಸಲದಷ್ಟು ಜೋರಾಗಿರುವುದಿಲ್ಲ, ಬೇಗ ಒಣಗುತ್ತದೆ. ಎರಡನೇ ಬಗೆಯ ವೈರಸ್ಸಾದರೆ ಮೊದಲ ವರ್ಷ ಹಲವು ಸಲ ಬರಬಹುದು, ಒಂದನೇ ಬಗೆಯದು ಬಹಳ ಅಪರೂಪಕ್ಕೆ. ವರ್ಷ ಕಳೆದಂತೆ ಎರಡೂ ಕಡಿಮೆಯಾಗುತ್ತಾ ಹೋಗುತ್ತವೆ.

ಹಾಗಂತ ಅಲ್ಲಿ ಬಂದ ಹುಣ್ಣೆಲ್ಲ ಹರ್ಪಿಸ್ ಅಲ್ಲ. ನೋವೇ ಇಲ್ಲದ, ಅಂಚು ಗಟ್ಟಿಯಾದ ಒಂದೇ ಹುಣ್ಣು ಇದ್ದರೆ ಸಿಫಿಲಿಸ್ ಅನುಮಾನ ಬರಬೇಕು. ಅದು ತಾನಾಗಿ ಮಾಯುತ್ತದೆ, ಒಳಗೆ ಮಾತ್ರ ಉಳಿಯುತ್ತದೆ, ಆದರೆ ಪೆನ್ಸಿಲಿನ್‌ನಿಂದ ಪೂರ್ತಿ ವಾಸಿಯಾಗುತ್ತದೆ. ರಾತ್ರಿ ಹೊತ್ತು ಮೈಯೆಲ್ಲ ನವೆ, ಬೆರಳ ಸಂದಿಯಲ್ಲೂ ಗುಳ್ಳೆ, ಜೊತೆಗಾರನಿಗೂ ಅದೇ ಆದರೆ ಅದು ಕಜ್ಜಿ. ಬಳೆಯಾಕಾರದ ನವೆ ಗಜಕರ್ಣ. ಇನ್ನೊಂದಿದೆ, ಬಹಳ ಜನಕ್ಕೆ ಗೊತ್ತಿಲ್ಲ: ಕೆಲವರಿಗೆ ಯಾವುದೋ ನೋವಿನ ಮಾತ್ರೆ ಅಥವಾ ಆಂಟಿಬಯಾಟಿಕ್ ನುಂಗಿದಾಗೆಲ್ಲ ಶಿಶ್ನದ ತುದಿಯಲ್ಲಿ ಅದೇ ಜಾಗದಲ್ಲಿ ಸುಟ್ಟಂತೆ ಹುಣ್ಣಾಗಿ ಕಪ್ಪು ಕಲೆ ಉಳಿಯುತ್ತದೆ. ಅದು ಔಷಧಿಯ ಅಲರ್ಜಿ. ಹರ್ಪಿಸ್ ಅಂತ ತಿಳಿದು ವರ್ಷಗಟ್ಟಲೆ ಕೊರಗುವವರು ಇದ್ದಾರೆ. ಆದ್ದರಿಂದ ಡಾಕ್ಟರ ಹತ್ತಿರ ಹೋಗುವಾಗ ಆ ವಾರ ನುಂಗಿದ ಮಾತ್ರೆಗಳ ಹೆಸರೂ ಜೊತೆಯಲ್ಲಿರಲಿ.

ಪರೀಕ್ಷೆಯ ವಿಷಯದಲ್ಲಿ ದುಡ್ಡು ಸುಮ್ಮನೆ ಸುರಿಯಬೇಡಿ. ಗುಳ್ಳೆ ಹಸಿಯಾಗಿರುವಾಗಲೇ ಅದರಿಂದ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದು ಮಾಡುವ ಪಿಸಿಆರ್ ಪರೀಕ್ಷೆಯೇ ಎಲ್ಲಕ್ಕಿಂತ ನಂಬಲರ್ಹ. ಯಾವ ಬಗೆಯ ವೈರಸ್ ಅನ್ನುವುದೂ ಅದರಲ್ಲೇ ತಿಳಿಯುತ್ತದೆ. ರಕ್ತದ ಐಜಿಎಂ ಪರೀಕ್ಷೆ ಇದಕ್ಕೆ ಪ್ರಯೋಜನವಿಲ್ಲ, ತಪ್ಪು ಉತ್ತರ ಕೊಡುವುದೇ ಹೆಚ್ಚು. ಐಜಿಜಿ ಪರೀಕ್ಷೆ ಸೋಂಕಾದ ಮೇಲೆ ಪಾಸಿಟಿವ್ ಆಗಲು ಮೂರು ತಿಂಗಳವರೆಗೂ ಹಿಡಿಯಬಹುದು. ಅದರಲ್ಲಿ ಒಂದನೇ ಬಗೆ ಪಾಸಿಟಿವ್ ಬಂದರೆ ಚಿಕ್ಕಂದಿನಲ್ಲಿ ಬಾಯಿಗೆ ಬಂದದ್ದೋ ಕೆಳಗಿನದೋ ಅಂತ ಹೇಳುವುದಕ್ಕಾಗುವುದಿಲ್ಲ. ಲಕ್ಷಣವೇ ಇಲ್ಲದೆ ಪ್ಯಾಕೇಜಿನಲ್ಲಿ ಮಾಡಿಸಿಕೊಂಡು ಗಾಬರಿಯಾಗುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಹರ್ಪಿಸ್ ಅಂತ ಖಚಿತವಾದವರು ಮಾತ್ರ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ತಪ್ಪದೆ ಮಾಡಿಸಿ. ಎರಡನೇ ಬಗೆಯ ಹರ್ಪಿಸ್ ಇದ್ದವರಿಗೆ ಎಚ್‌ಐವಿ ತಗುಲುವ ಅಪಾಯ ಸುಮಾರು ಮೂರು ಪಟ್ಟು.

ಈಗ ಪುಣೆಯವರ ಮೊದಲ ಪ್ರಶ್ನೆ. ಪೂರ್ತಿ ವಾಸಿಯಾಗುತ್ತಾ? ಇಲ್ಲ. ಲಸಿಕೆಯೂ ಇನ್ನೂ ಬಂದಿಲ್ಲ. ಆದರೆ ಹತೋಟಿಯಲ್ಲಿಡಲು ಒಳ್ಳೆಯ ಔಷಧಿ ಇದೆ, ಹಳೆಯದು, ದುಬಾರಿಯಲ್ಲ. ಅದು ಅಸೈಕ್ಲೋವಿರ್. ಇಂಥ ಔಷಧಿಗಳ ಹಿಂದಿನ ಸಂಶೋಧನೆಗೆ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಹಂಚಿಕೆಯಾಯಿತು. ಇದರ ಜಾಣತನ ನೋಡಿ: ಮಾತ್ರೆ ಮೈಯೆಲ್ಲ ಹರಿದರೂ ವೈರಸ್ ಹೊಕ್ಕ ಜೀವಕೋಶದಲ್ಲೇ ಅದು ಮುಖ್ಯವಾಗಿ ಜಾಗೃತವಾಗುತ್ತದೆ, ಅದೂ ವೈರಸ್ಸಿನದೇ ಕಿಣ್ವದಿಂದ. ಕಳ್ಳನ ಕೈಯಿಂದಲೇ ಕಳ್ಳನಿಗೆ ಬೇಡಿ ಹಾಕಿಸಿದ ಹಾಗೆ. ಮೊದಲ ಸಲಕ್ಕೆ ವೈದ್ಯರು ಸಾಮಾನ್ಯವಾಗಿ 400 ಮಿಲಿಗ್ರಾಂ ದಿನಕ್ಕೆ ಮೂರು ಸಲದಂತೆ 7ರಿಂದ 10 ದಿನ ಕೊಡುತ್ತಾರೆ. ದಿನಕ್ಕೆ ಎರಡೇ ಸಲ ನುಂಗುವ ವ್ಯಾಲಸೈಕ್ಲೋವಿರ್ ಕೂಡ ಇದೆ. ಮರುಕಳಿಸಿದಾಗ ಎರಡರಿಂದ ಐದು ದಿನದ ಕೋರ್ಸು ಸಾಕು, ಆದರೆ ಜುಮುಜುಮು ಶುರುವಾದ ದಿನವೇ ನುಂಗಬೇಕು. ಗುಳ್ಳೆ ಒಡೆದ ಮೇಲೆ ಓಡಾಡಿ ಫಲವಿಲ್ಲ. ಪದೇ ಪದೇ ಬರುವವರಿಗೆ ದಿನವೂ ಸಣ್ಣ ಪ್ರಮಾಣದಲ್ಲಿ ಕೊಡುವುದುಂಟು. ಅದರಿಂದ ಮರುಕಳಿಕೆ ನೂರಕ್ಕೆ 70ರಿಂದ 80ರಷ್ಟು ಇಳಿಯುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಡೋಸು ಬೇರೆ, ಆದ್ದರಿಂದ ಅಳತೆ ಡಾಕ್ಟರೇ ಬರೆಯಲಿ. ಮಾತ್ರೆ ನಡೆಯುವಾಗ ನೀರು ಧಾರಾಳವಾಗಿ ಕುಡಿಯಿರಿ.

ಮೆಡಿಕಲ್ ಶಾಪಿನ ಆ ಟ್ಯೂಬಿನ ಬಗ್ಗೆ ಸ್ವಲ್ಪ ಜೋರಾಗಿಯೇ ಹೇಳಬೇಕು. ಕೌಂಟರಿನಲ್ಲಿ ಕೇಳಿದ ತಕ್ಷಣ ಕೈಗೆ ಬರುವ ಕ್ರೀಮುಗಳಲ್ಲಿ ಎಷ್ಟೋ ಸ್ಟೀರಾಯ್ಡ್ ಬೆರೆಸಿದವು. ಎರಡು ದಿನ ನವೆ ನಿಲ್ಲುತ್ತದೆ, ಆಮೇಲೆ ಸೋಂಕು ಹೆಚ್ಚುತ್ತದೆ, ಚರ್ಮ ತೆಳುವಾಗುತ್ತದೆ. ಡೆಟಾಲು, ಸುಣ್ಣ, ಅರಿಶಿನದ ಪೇಸ್ಟು ಕೂಡ ಬೇಡ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು ಒತ್ತಿ ಒಣಗಿಸಿ, ಸಡಿಲವಾದ ಕಾಟನ್ ಚಡ್ಡಿಯೋ ಪಂಚೆಯೋ ಸಾಕು. ಮೂತ್ರ ಮಾಡುವಾಗ ಮೇಲಿಂದ ನೀರು ಸುರಿದುಕೊಂಡರೆ ಉರಿ ಕಡಿಮೆ. ನೋವಿಗೆ ಪ್ಯಾರಸಿಟಮಾಲ್. ಗುಳ್ಳೆ ಮುಟ್ಟಿದ ಕೈ ಕಣ್ಣಿಗೆ ಹೋಗಬಾರದು, ಸೋಪು ಹಾಕಿ ತೊಳೆಯಿರಿ. ಮೂತ್ರ ಕಟ್ಟಿಕೊಂಡರೆ, ವಿಪರೀತ ತಲೆನೋವು ಬಂದು ಕತ್ತು ಬಗ್ಗಿಸಲಾಗದಿದ್ದರೆ, ಕಣ್ಣು ಕೆಂಪಾಗಿ ನೋವಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಎಚ್‌ಐವಿ ಇರುವವರಿಗೆ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಗೊಳ್ಳುವವರಿಗೂ ಇದು ಜೋರಾಗಿ ಬರಬಹುದು.

ಪಿಜಿಯವರ ಭಯಕ್ಕೆ ಉತ್ತರ: ಕಮೋಡಿನಿಂದ, ಬಕೆಟ್ಟಿನಿಂದ, ಬೆಡ್‌ಶೀಟಿನಿಂದ, ಈಜುಕೊಳದಿಂದ ಇದು ಬರುವುದಿಲ್ಲ. ಚರ್ಮಕ್ಕೆ ಚರ್ಮ ತಾಗಬೇಕು.

ಇನ್ನು ಎರಡನೇ ಪ್ರಶ್ನೆ. ಹೇಳಬೇಕು, ಮದುವೆಗೆ ಮೊದಲೇ ಹೇಳಬೇಕು. ಯಾಕೆಂದರೆ ಗುಳ್ಳೆ ಇಲ್ಲದ ದಿನಗಳಲ್ಲೂ ಚರ್ಮದಿಂದ ವೈರಸ್ಸು ಕೆಲವೊಮ್ಮೆ ಹೊರಬರುತ್ತದೆ. ಹೇಳದೆ ಇದ್ದರೆ ಆ ಅಪಾಯದ ಅರ್ಧ ಭಾಗ ಆಕೆಯದು, ತೀರ್ಮಾನ ಮಾತ್ರ ನಿಮ್ಮೊಬ್ಬರದು ಆಗುತ್ತದೆ. ಹೇಳುವಾಗ ಬರೀ ಕೆಟ್ಟ ಸುದ್ದಿ ಹೇಳಬೇಡಿ, ಲೆಕ್ಕವನ್ನೂ ಹೇಳಿ. 2004ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಗಂಡುಹೆಣ್ಣಿನ 1,484 ಜೋಡಿಗಳನ್ನು 8 ತಿಂಗಳು ಗಮನಿಸಿದರು. ಒಬ್ಬರಿಗೆ ಎರಡನೇ ಬಗೆಯ ಹರ್ಪಿಸ್ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ಸೋಂಕಿದ್ದವರು ಔಷಧಿಯಿಲ್ಲದ ಮಾತ್ರೆ ನುಂಗಿದ ಗುಂಪಿನಲ್ಲಿ ನೂರಕ್ಕೆ 3.6 ಸಂಗಾತಿಗಳಿಗೆ ಸೋಂಕು ತಗುಲಿತು. ದಿನವೂ 500 ಮಿಲಿಗ್ರಾಂ ವ್ಯಾಲಸೈಕ್ಲೋವಿರ್ ನುಂಗಿದವರಲ್ಲಿ ಅದು 1.9ಕ್ಕೆ ಇಳಿಯಿತು. ಜೊತೆಗೆ ಕಾಂಡೋಮ್ ಬಳಸಿ. ಅದು ಮುಚ್ಚದ ಜಾಗದಿಂದ ಹರಡುವ ಸಾಧ್ಯತೆ ಉಳಿದರೂ ಅಪಾಯ ಇನ್ನೂ ತಗ್ಗುತ್ತದೆ. ಜುಮುಜುಮು ಶುರುವಾದ ದಿನದಿಂದ ಪೂರ್ತಿ ಒಣಗುವವರೆಗೆ ಸಂಪರ್ಕ ಬೇಡವೇ ಬೇಡ. ಮಕ್ಕಳಾಗುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಆದರೆ ಹೆಂಡತಿ ಬಸುರಿಯಾದಾಗ ಅವರ ಡಾಕ್ಟರಿಗೆ ನಿಮ್ಮ ವಿಷಯ ತಿಳಿದಿರಲಿ, ಕೊನೆಯ ಮೂರು ತಿಂಗಳಲ್ಲಿ ತಾಯಿಗೆ ಹೊಸದಾಗಿ ಸೋಂಕು ತಗುಲಿದರೆ ಮಗುವಿಗೆ ಅಪಾಯ ಹೆಚ್ಚು.

ಈಗಾಗಲೇ ಮದುವೆಯಾದವರಿಗೂ ಒಂದು ಮಾತು. ಇಷ್ಟು ವರ್ಷ ಇಲ್ಲದ್ದು ಇವತ್ತು ಕಾಣಿಸಿಕೊಂಡರೆ ಗಂಡನೋ ಹೆಂಡತಿಯೋ ಮೊನ್ನೆ ಮೊನ್ನೆ ದಾರಿ ತಪ್ಪಿದರು ಅಂತ ಅರ್ಥವಲ್ಲ. ಸೋಂಕಾಗಿ ವರ್ಷಗಳಾದ ಮೇಲೆ ಮೊದಲ ಗುಳ್ಳೆ ಕಾಣುವುದು ಸಾಮಾನ್ಯ. ಜಗಳಕ್ಕೆ ಮೊದಲು ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ತಿರ ಹೋಗಿ.

ಎಲ್ಲಿಗೆ ಹೋಗುವುದು? ರೈಲು ಹಳಿಯ ಪಕ್ಕದ ಗೋಡೆಗಳ ಮೇಲೆ ಗುಪ್ತರೋಗ ಅಂತ ಬರೆದಿರುವವರ ಹತ್ತಿರ ಅಲ್ಲ. ಚರ್ಮ ಮತ್ತು ಲೈಂಗಿಕ ರೋಗ ತಜ್ಞರು ಬೇಕು. ಸರ್ಕಾರಿ ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಬೋರ್ಡು ಹುಡುಕಿ. ಅಲ್ಲಿ ಪರೀಕ್ಷೆ, ಸಲಹೆ, ಔಷಧಿ ಉಚಿತ. ನ್ಯಾಕೋದವರ ಬಣ್ಣದ ಕಿಟ್‌ಗಳಲ್ಲಿ ಕೆಂಪು ಕಿಟ್ ಹರ್ಪಿಸ್ ಹುಣ್ಣಿಗೆ, ಒಳಗಿರುವುದು ಇದೇ ಅಸೈಕ್ಲೋವಿರ್. 1097 ಉಚಿತ ಸಹಾಯವಾಣಿ, ಹತ್ತಿರದ ಕೇಂದ್ರ ಎಲ್ಲಿದೆ ಅಂತ ಅಲ್ಲಿ ಕೇಳಬಹುದು. ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಹೇಗೆ ಹೇಳಲಿ ಅಂತ ಹಿಂಜರಿಯುವವರು ಚೀಟಿಯಲ್ಲಿ "ಜೆನಿಟಲ್ ಅಲ್ಸರ್", ಎಷ್ಟು ದಿನ, ಎಷ್ಟನೇ ಸಲ ಅಂತ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಿ. ಗುಳ್ಳೆ ಹಸಿ ಇರುವಾಗಲೇ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಅದು ಒಣಗಿರುತ್ತದೆ. ಆ ಫೋಟೋ ಮನೆಯವರ ಗ್ರೂಪಿಗೆ ಹೋಗದಂತೆ ಮಾತ್ರ ನೋಡಿಕೊಳ್ಳಿ.