ವರ್ಡ್ ತೆರೆಯದಿದ್ದಾಗ

ಮಧುಗಿರಿಯ ಬಳಿಯ ದೊಡ್ಡೇರಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಗಣಕದಲ್ಲಿ ವರ್ಡ್ ತೆರೆಯದೆ ಹೋದರೆ ಬರೆದುದೆಲ್ಲ ಹೋಯಿತೆಂದು ಎದೆ ಝಲ್ಲೆನ್ನುವುದು ಸಹಜ. ಆದರೆ ಲೇಖನಿ ಕೆಟ್ಟ ಮಾತ್ರಕ್ಕೆ ಹಾಳೆ ಹರಿಯದು. ಉಳಿಸಿಟ್ಟ ಕಡತವೇ ಬೇರೆ, ತಂತ್ರಾಂಶವೇ ಬೇರೆ.

ವಿಂಡೋಸ್ ಗಣಕದಲ್ಲಿ ಕಂಟ್ರೋಲ್ ಕೀಲಿಯನ್ನು ಅದುಮಿ ಹಿಡಿದು ವರ್ಡ್‌ನ ಚಿಹ್ನೆಯನ್ನು ಒತ್ತಿದರೆ, ‘ಸೇಫ್ ಮೋಡ್’ನಲ್ಲಿ ತೆರೆಯಲೇ ಎಂದು ಅದು ಕೇಳುವುದು. ಹಾಗೆ ತೆರೆದುಕೊಂಡರೆ, ದೋಷವು ಹೊರಗಿನಿಂದ ಸೇರಿದ ಆಡ್-ಇನ್‌ಗಳಲ್ಲೋ ‘ನಾರ್ಮಲ್’ ಎಂಬ ಮಾದರಿ ಕಡತದಲ್ಲೋ ಇರುವ ಸಂಭವವುಂಟು. ಮೊದಲು ಆಡ್-ಇನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಬೇಕು. ಫಲಿಸದಿದ್ದರೆ ವರ್ಡನ್ನು ಮುಚ್ಚಿ, ಮಾದರಿ ಕಡತದ ಹೆಸರನ್ನು ಬದಲಿಸಬೇಕು. ಹೊಸತೊಂದನ್ನು ವರ್ಡ್ ತಾನೇ ರಚಿಸಿಕೊಳ್ಳುವುದು.

ತೆರೆದ ಮೇಲೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಬರೆದ ಹಳೆಯ ಬರಹ ಅರ್ಥವಿಲ್ಲದ ಗುರುತುಗಳಾಗಿ ಕಂಡರೂ ಅದನ್ನು ಅಳಿಸಲಾಗದು. ನುಡಿಯ ಫಾಂಟ್ ಗಣಕಕ್ಕೆ ಸೇರಿದೊಡನೆ ಕನ್ನಡ ಮರಳಿ ಮೂಡುವುದು.