ಬ್ಲಾಗ್ ಬರಹದೊಳಗೆ ಜಾಹೀರಾತು ಹಾಕುವುದು ಹೇಗೆ?

ಬ್ಲಾಗರ್‌ನಲ್ಲಿ ಉಚಿತವಾಗಿ ಬ್ಲಾಗ್ ತೆರೆದ ಅನೇಕರು ಗೂಗಲ್ ಆಡ್‌ಸೆನ್ಸ್ ಜಾಹೀರಾತನ್ನು ಪುಟದ ಪಕ್ಕದಲ್ಲಿ ಹಾಕಿ ಸುಮ್ಮನಾಗುತ್ತಾರೆ. ಆದರೆ ಓದುಗರ ಕಣ್ಣಿರುವುದು ಬರಹದ ಮೇಲೆ.

ಲೇಔಟ್ ವಿಭಾಗದಲ್ಲಿ ಪೋಸ್ಟ್‌ಗಳ ನಡುವೆ ಜಾಹೀರಾತು ತೋರಿಸುವ ಆಯ್ಕೆಯೊಂದಿದೆ. ಹೆಸರು ಕೇಳಿ ಮೋಸಹೋಗಬೇಡಿ. ಅದು ಒಂದು ಬರಹ ಮುಗಿದು ಇನ್ನೊಂದು ಶುರುವಾಗುವಲ್ಲಿ ಜಾಹೀರಾತು ಇಡುತ್ತದೆಯೇ ಹೊರತು ಬರಹದ ಒಳಗಲ್ಲ.

ಪ್ಯಾರಾಗಳ ನಡುವೆಯೇ ಬೇಕೆಂದರೆ ಪೋಸ್ಟ್ ಬರೆಯುವಾಗ ಎಚ್‌ಟಿಎಂಎಲ್ ನೋಟಕ್ಕೆ ಹೋಗಿ, ಬೇಕಾದ ಜಾಗದಲ್ಲಿ ಆಡ್‌ಸೆನ್ಸ್ ಕೋಡ್ ಅಂಟಿಸಬೇಕು. ಪ್ರತಿ ಬರಹಕ್ಕೂ ಇದೇ ಕೆಲಸ, ಬೇಸರ ಬರುವುದು ಸಹಜ. ಎಲ್ಲ ಬರಹಗಳಲ್ಲೂ ತಾನಾಗಿ ಬರಬೇಕಿದ್ದರೆ ಟೆಂಪ್ಲೇಟ್ ತಿದ್ದಬೇಕಾಗುತ್ತದೆ. ಮೊದಲು ಅದರ ಪ್ರತಿಯೊಂದನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ನಂತರ 'ಪೋಸ್ಟ್ ಬಾಡಿ' ಟ್ಯಾಗ್ ಹುಡುಕಿ. ಅದರ ಮೇಲೆ ಕೋಡ್ ಇಟ್ಟರೆ ಜಾಹೀರಾತು ಬರಹದ ಆರಂಭದಲ್ಲಿ, ಕೆಳಗಿಟ್ಟರೆ ಕೊನೆಯಲ್ಲಿ ಕಾಣುತ್ತದೆ. ಈ ಟ್ಯಾಗ್ ಹಲವು ಕಡೆ ಇರಬಹುದು, ಹಾಗಾಗಿ ಪ್ರತಿ ಬದಲಾವಣೆಯ ನಂತರ ಬ್ಲಾಗ್ ತೆರೆದು ನೋಡಿ. ಟೆಂಪ್ಲೇಟ್ ಎಕ್ಸ್‌ಎಂಎಲ್‌ನಲ್ಲಿರುವುದರಿಂದ, ಕೋಡನ್ನು ಇದ್ದಂತೆಯೇ ಅಂಟಿಸಿದರೆ ದೋಷ ಎದುರಾಗುವುದುಂಟು. ಅದರಲ್ಲಿನ ಕೋನಾಕಾರದ ಆವರಣ ಚಿಹ್ನೆಗಳನ್ನು ಎಕ್ಸ್‌ಎಂಎಲ್ ಒಪ್ಪುವ ರೂಪಕ್ಕೆ ಬದಲಿಸಿದರೆ ಸಮಸ್ಯೆ ಸಾಮಾನ್ಯವಾಗಿ ಬಗೆಹರಿಯುತ್ತದೆ.

ಜಾಹೀರಾತಿನ ಮೇಲೆ 'ಇಲ್ಲಿ ಕ್ಲಿಕ್ ಮಾಡಿ' ಎಂದು ಬರೆಯುವಂತಿಲ್ಲ. ನೀವೇ ಕ್ಲಿಕ್ ಮಾಡುವುದು, ಗೆಳೆಯರಿಂದ ಮಾಡಿಸುವುದು ಎರಡೂ ನಿಯಮಬಾಹಿರ. ಡಾಲರ್ ಲೆಕ್ಕದಲ್ಲಿ ಗಳಿಕೆ 100 ಮುಟ್ಟುವವರೆಗೆ ಹಣ ಕೈಸೇರುವುದಿಲ್ಲ. ಸಣ್ಣ ಬ್ಲಾಗಿಗೆ ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಅಷ್ಟರಲ್ಲಿ ಖಾತೆ ರದ್ದಾದರೆ ಕೂಡಿಬಂದ ಹಣವೂ ಕೈತಪ್ಪಬಹುದು.